ಪಾಯಿಂಟ್ ತಿರುಗಿಸಲು ಯಾವುದು ಸರಿ? ಮಾದರಿ ರೈಲಿಗೆ ಸರ್ವೊ, ಸಾಲಿನಾಯ್ಡ್, ಟಾರ್ಟಾಯ್ಸ್, ಕೈ ಸ್ವಿಚ್

ತೋರಣಗಲ್ಲಿನ ಅದಿರು ಯಾರ್ಡನ್ನೋ, ಶಕ್ತಿನಗರದ ಕಲ್ಲಿದ್ದಲು ಸೈಡಿಂಗನ್ನೋ, ಗಿಣಿಗೇರಾ ಜಂಕ್ಷನ್ನನ್ನೋ ಎಚ್‌ಒ ಅಳತೆಯಲ್ಲಿ (ನಿಜದ 87ರಲ್ಲಿ ಒಂದು ಪಾಲು) ಹಲಗೆಯ ಮೇಲೆ ಕಟ್ಟಹೊರಟರೆ, ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳಿಸುವ ಪಾಯಿಂಟುಗಳು ಐದಾರಾದರೂ ಬೇಕೇ ಬೇಕು. ಅವನ್ನು ತಿರುಗಿಸುವುದು ಯಾವುದರಿಂದ ಎಂದು ಕೇಳಿದರೆ ಈಗ ಎಲ್ಲರ ಬಾಯಲ್ಲೂ ಒಂದೇ ಮಾತು: ಸರ್ವೊ (ಹೇಳಿದ ಜಾಗಕ್ಕೆ ತಿರುಗಿ ನಿಲ್ಲುವ ಪುಟ್ಟ ಮೋಟಾರು) ಹಾಕಿ. ಮಾತು ಬಹುಪಾಲು ನಿಜ. ಆದರೆ ನಾಲ್ಕೇ ಪಾಯಿಂಟಿನ ಲೇಔಟಿಗೆ ಸರ್ವೊ ದಂಡ. ಸರ್ವೊ ಕೈಕೊಟ್ಟಿತು ಎಂಬ ದೂರುಗಳಲ್ಲಿ ಹೆಚ್ಚಿನವು ಮೋಟಾರಿನ ತಪ್ಪೂ ಅಲ್ಲ. ಅದನ್ನು ಹಿಡಿದಿಟ್ಟ ಅಂಟು, ಅದರಿಂದ ಹೊರಟ ತಂತಿ, ಅದಕ್ಕೆ ಕರೆಂಟ್ ಕೊಡುವ ಅಡಾಪ್ಟರ್, ಈ ಮೂರರಲ್ಲಿ ಒಂದು ಕೆಟ್ಟಿರುತ್ತದೆ. ಹಾಗಾಗಿ ಇಲ್ಲಿ ಮೋಟಾರುಗಳ ಹೋಲಿಕೆಗಿಂತ ಈ ಮೂರರ ಮಾತು ಹೆಚ್ಚು.

ಹೆಸರುಗಳಿಗೆ ರೈಲ್ವೆ ಕ್ವಾರ್ಟರ್ಸಿನ ಮಾತನ್ನೇ ಬಳಸಿದ್ದೇವೆ. ಆಚೀಚೆ ಸರಿಯುವ ಚೂಪು ತುದಿಯ ಹಳಿಗಳು ಟಂಗ್ ರೈಲು, ಅವು ಒರಗುವ ಹೊರಗಿನ ಹಳಿ ಸ್ಟಾಕ್ ರೈಲು, ಎರಡೂ ಟಂಗನ್ನು ಜೋಡಿಸುವ ಅಡ್ಡಪಟ್ಟಿ ಸ್ಟ್ರೆಚರ್ ಬಾರ್, ಹಳಿಗಳು ಒಂದನ್ನೊಂದು ದಾಟುವ ಜಾಗ ಕ್ರಾಸಿಂಗ್. ಮಾದರಿ ಅಂಗಡಿಗಳಲ್ಲಿ ಈ ಕೊನೆಯದನ್ನು ಫ್ರಾಗ್ ಎನ್ನುತ್ತಾರೆ. ನೇರ ದಾರಿ ನಾರ್ಮಲ್, ಲೂಪಿಗೆ ತಿರುಗಿದ್ದು ರಿವರ್ಸ್.

ಸ್ಟ್ರೆಚರ್ ಬಾರ್ ಎಷ್ಟು ಸರಿಯಬೇಕು ಎಂಬುದು ಮೊದಲ ಲೆಕ್ಕ. ನಿಜವಾದ ಬ್ರಾಡ್‌ಗೇಜಿನ ಟಂಗ್ 115 ಮಿಮೀ ಬಾಯಿ ತೆರೆಯುತ್ತದೆ. 87ರಿಂದ ಭಾಗಿಸಿದರೆ 1.3 ಮಿಮೀ. ಮಾದರಿ ಗಾಲಿಯ ಫ್ಲೇಂಜ್ (ಹಳಿಯ ಒಳಬದಿಗೆ ಇಳಿಯುವ ಅಂಚು) ಅಳತೆಗಿಂತ ದಪ್ಪವಾಗಿರುವುದರಿಂದ ಎಚ್‌ಒ ಪಾಯಿಂಟಿನಲ್ಲಿ ಇದು ಸಾಮಾನ್ಯವಾಗಿ 2ರಿಂದ 3 ಮಿಮೀ ಇರುತ್ತದೆ. ಅಂದರೆ ಕೆಲಸ ಬಹಳ ಸಣ್ಣದು. ಬಲ ಬೇಕಿಲ್ಲ. ಕೊನೆಯ ಅರ್ಧ ಮಿಲಿಮೀಟರಿನಲ್ಲಿ ಟಂಗನ್ನು ಸ್ಟಾಕ್ ರೈಲಿಗೆ ಒತ್ತಿ ಹಿಡಿದಿರಬೇಕು, ಅಷ್ಟೆ.

ಕೈಯಿಂದ ಎಳೆಯುವುದು

ಪಾಯಿಂಟು ಹಲಗೆಯ ಅಂಚಿನಿಂದ 60-70 ಸೆಂಟಿಮೀಟರಿನೊಳಗೇ ಇದ್ದು, ಲೆಕ್ಕಕ್ಕೆ ನಾಲ್ಕೈದು ಮೀರದಿದ್ದರೆ ಮೋಟಾರೇ ಬೇಡ. ರೇಡಿಯೊ ರಿಪೇರಿಯವರ ಬಳಿ ಸಿಗುವ ಆರು ಕಾಲಿನ ದೊಡ್ಡ ಸ್ಲೈಡ್ ಸ್ವಿಚ್ಚನ್ನು ಹಲಗೆಯ ಕೆಳಗೆ ಸ್ಕ್ರೂ ಮಾಡಿ. ಅದರ ಗುಬುಟಿಗೆ ಅಡ್ಡಲಾಗಿ 1 ಮಿಮೀ ರಂಧ್ರ ಹಾಕಿ ಸ್ಪ್ರಿಂಗ್ ತಂತಿಯನ್ನು ಮೇಲಕ್ಕೆ ಸ್ಟ್ರೆಚರ್ ಬಾರಿಗೆ ಒಯ್ಯಿರಿ. ಎಳೆಯಲು ಸೈಕಲ್ ಕಡ್ಡಿ ಸಾಕು. 2 ಮಿಮೀ ದಪ್ಪ, ನೆಟ್ಟಗೆ, ಯಾವ ಸೈಕಲ್ ಅಂಗಡಿಯಲ್ಲೂ ಬಿಡಿಯಾಗಿ ಸಿಗುತ್ತದೆ. ಸ್ವಿಚ್ಚಿನ ಓಟ ಪಾಯಿಂಟಿಗೆ ಬೇಕಾದ್ದಕ್ಕಿಂತ ಹೆಚ್ಚು, ಆದ್ದರಿಂದ ಕಡ್ಡಿಗೂ ಸ್ಟ್ರೆಚರ್ ಬಾರಿಗೂ ನಡುವಿನ ತೆಳು ತಂತಿಯಲ್ಲಿ ಒಂದು ಕುಣಿಕೆ ಬಗ್ಗಿಸಬೇಕು. ಹೆಚ್ಚಾದ ಓಟವನ್ನು ಅದು ನುಂಗುತ್ತದೆ.

ಇದರ ದೊಡ್ಡ ಲಾಭ, ಅದೇ ಸ್ವಿಚ್ಚಿನ ಕಾಲುಗಳು ಕ್ರಾಸಿಂಗಿನ ಧ್ರುವವನ್ನೂ (ಕರೆಂಟಿನ ಪ್ಲಸ್-ಮೈನಸ್) ಬದಲಿಸುತ್ತವೆ. ಬೇರೆ ರಿಲೇ (ಕರೆಂಟಿನಿಂದ ಬದಲಾಗುವ ಸ್ವಿಚ್) ಬೇಡ, ಪ್ರೋಗ್ರಾಂ ಬೇಡ. ಕರೆಂಟ್ ಹೋದರೂ ಬಂದರೂ ಪಾಯಿಂಟು ಇದ್ದಲ್ಲೇ ಇರುತ್ತದೆ. ಶಾಲೆಯ ವಸ್ತುಪ್ರದರ್ಶನಕ್ಕೆ ಒಯ್ಯುವ ಲೇಔಟಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಒರಟು ಅನ್ನಿಸಬಹುದು, ಆದರೆ ಕೆಡುವುದಿಲ್ಲ.

ಸಾಲಿನಾಯ್ಡ್

ಎರಡು ಸುರುಳಿ, ನಡುವೆ ಒಂದು ಕಬ್ಬಿಣದ ಕಡ್ಡಿ. ಯಾವ ಸುರುಳಿಗೆ ಕರೆಂಟ್ ತಟ್ಟಿದರೆ ಕಡ್ಡಿ ಆ ಕಡೆಗೆ ಜಿಗಿಯುತ್ತದೆ. ಮಾದರಿ ಹಳಿ ತಯಾರಿಸುವ ಪೆಕೊ ಕಂಪನಿಯ ಪಿಎಲ್-10 ಈ ಜಾತಿಯದು, ಪೆಕೊ ಪಾಯಿಂಟಿನ ಕೆಳಗೇ ಕಚ್ಚಿಕೊಳ್ಳುತ್ತದೆ. ಪೆಕೊ ಪಾಯಿಂಟಿನಲ್ಲಿ ಟಂಗನ್ನು ಎರಡು ಕೊನೆಗಳಲ್ಲೂ ಒತ್ತಿ ಹಿಡಿಯುವ ಪುಟ್ಟ ಸ್ಪ್ರಿಂಗ್ ಇರುವುದರಿಂದ ಕರೆಂಟ್ ತಟ್ಟಿ ಬಿಟ್ಟರೆ ಸಾಕು, ಹಿಡಿದಿಡುವ ಕೆಲಸ ಸ್ಪ್ರಿಂಗಿನದು.

ತೊಂದರೆ ಎರಡು. ತಟ್ಟುವ ಹೊತ್ತಿಗೆ ಕೆಲವು ಆಂಪ್ ಎಳೆಯುತ್ತದೆ, ಸಣ್ಣ ಅಡಾಪ್ಟರಿನಲ್ಲಿ ಜಿಗಿಯದೆ ಅರ್ಧಕ್ಕೇ ನಿಲ್ಲುತ್ತದೆ. ಗುಂಡಿ ಅಂಟಿಕೊಂಡು ಕರೆಂಟ್ ಹರಿಯುತ್ತಲೇ ಇದ್ದರೆ ಕೆಲವೇ ಸೆಕೆಂಡಿನಲ್ಲಿ ಸುರುಳಿ ಕಮರು ವಾಸನೆ ಬಂದು ಸುಟ್ಟುಹೋಗುತ್ತದೆ. ಎರಡಕ್ಕೂ ಮದ್ದು ಕೆಪಾಸಿಟರ್ ಡಿಸ್ಚಾರ್ಜ್ ಯೂನಿಟ್: 2200ರಿಂದ 4700 ಮೈಕ್ರೊಫ್ಯಾರಡ್‌ನ ಕೆಪಾಸಿಟರಿನಲ್ಲಿ ಶಕ್ತಿ ತುಂಬಿಸಿಟ್ಟು ಒಮ್ಮೆಲೇ ಸುರಿಯುವ ಸರ್ಕ್ಯೂಟ್. ಗುಂಡಿ ಒತ್ತಿಯೇ ಹಿಡಿದರೂ ಖಾಲಿಯಾದ ಕೆಪಾಸಿಟರ್ ಸುರುಳಿಯನ್ನು ಸುಡಲಾರದು. ಈ ಯೂನಿಟ್ ಇಲ್ಲದೆ ಸಾಲಿನಾಯ್ಡ್ ಹಾಕಲೇಬೇಡಿ.

ಪಾಯಿಂಟು ಟಪ್ಪೆಂದು ತಿರುಗುತ್ತದೆ, ನಿಜವಾದದ್ದರಂತೆ ಮೆಲ್ಲಗೆ ಸರಿಯುವುದಿಲ್ಲ. ಕಣ್ಣಿಗೆ ಬೀಳದ, ರೇಕುಗಳನ್ನು ಬಚ್ಚಿಡುವ ಹಿಂದಿನ ಯಾರ್ಡಿಗೆ ಅದು ಲೆಕ್ಕಕ್ಕಿಲ್ಲ. ಅಲ್ಲಿಗೆ ಇದು ಇವತ್ತಿಗೂ ಸರಿಯಾದ ಆಯ್ಕೆ.

ಟಾರ್ಟಾಯ್ಸ್

ಅಮೆರಿಕದ ಸರ್ಕಿಟ್ರಾನ್‌ನವರ ಈ ಮೋಟಾರು 12 ವೋಲ್ಟಿನಲ್ಲಿ ಮೆಲ್ಲಗೆ ತಿರುಗಿ, ಕೊನೆಗೆ ತಡೆ ಸಿಕ್ಕಾಗ ನಿಂತಲ್ಲೇ ಒತ್ತುತ್ತಾ ಇರುತ್ತದೆ. ಹಾಗೆ ತಡೆದು ನಿಂತಾಗಲೂ ಎಳೆಯುವುದು ಸುಮಾರು 16 ಮಿಲಿಆಂಪ್ ಮಾತ್ರ, ಆದ್ದರಿಂದ ಹಗಲಿಡೀ ಕರೆಂಟ್ ಇದ್ದರೂ ಸುಡುವುದಿಲ್ಲ. 12 ವೋಲ್ಟ್ 1 ಆಂಪ್ ಅಡಾಪ್ಟರಿನಲ್ಲಿ ನಲವತ್ತು ಮೋಟಾರು ನಿರಾಳವಾಗಿ ನಡೆಯುತ್ತವೆ. ಒಳಗೇ ಎರಡು ಜೊತೆ ಸ್ವಿಚ್ ಇವೆ: ಒಂದು ಕ್ರಾಸಿಂಗಿಗೆ, ಇನ್ನೊಂದು ಪ್ಯಾನೆಲ್ಲಿನ ದೀಪಕ್ಕೆ ಅಥವಾ ಸಿಗ್ನಲ್ಲಿಗೆ.

ಗುಣದಲ್ಲಿ ಇದೇ ಮೇಲು, ಅದರಲ್ಲಿ ಚರ್ಚೆಯಿಲ್ಲ. ಆದರೆ ತರಿಸಬೇಕಾದ್ದು ಹೊರದೇಶದಿಂದ. ಸುಂಕ, ಸಾಗಣೆ ಸೇರಿದರೆ ಒಂದರ ಬೆಲೆಗೆ ಹತ್ತಾರು ಸಣ್ಣ ಸರ್ವೊ ಬರುತ್ತವೆ. ಹಲಗೆಯ ಕೆಳಗೆ 8-9 ಸೆಂಟಿಮೀಟರ್ ಎತ್ತರದ ಜಾಗವೂ ಬೇಕು. ಮಂಚದಡಿಗೆ ಸರಿಸುವ ಲೇಔಟಿಗೆ ಆಗದು. ಕೆಟ್ಟರೆ ಬದಲಿಗೆ ವಾರಗಟ್ಟಲೆ ಕಾಯಬೇಕಾದ್ದರಿಂದ, ಹಾಕುವವರು ಒಂದನ್ನು ಹೆಚ್ಚಿಗೆ ತರಿಸಿಟ್ಟುಕೊಳ್ಳುವುದು ಒಳ್ಳೆಯದು.

ಕಾರಿನ ಸೆಂಟ್ರಲ್ ಲಾಕ್ ಮೋಟಾರನ್ನೂ ಕೆಲವರು ಹೇಳುತ್ತಾರೆ. 12 ವೋಲ್ಟಿನ ಇದು ಕಾರ್ ಆಕ್ಸೆಸರಿ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. ಓಟ ಸುಮಾರು 2 ಸೆಂಟಿಮೀಟರ್, ಗುದ್ದು ಭಾರಿ, ಅರ್ಧ ಸೆಕೆಂಡಿಗಿಂತ ಹೆಚ್ಚು ಕರೆಂಟ್ ಕೊಡಬಾರದು. ಅಂಗಳದಲ್ಲಿ ಹಾಕುವ ದೊಡ್ಡ ಅಳತೆಯ ಹಳಿಗೆ ಸರಿ. ಎಚ್‌ಒ ಸ್ಟ್ರೆಚರ್ ಬಾರನ್ನು ಕಿತ್ತೇ ಹಾಕುತ್ತದೆ.

ಸರ್ವೊ: ಎಸ್‌ಜಿ90 ಅಥವಾ ಎಂಜಿ90ಎಸ್

ಸರ್ವೊ ಎಂದರೆ ಮೋಟಾರು, ಹಲ್ಲುಚಕ್ರಗಳು, ಎಲ್ಲಿದ್ದೇನೆಂದು ಅಳೆಯುವ ಒಂದು ಪೊಟೆನ್ಶಿಯೋಮೀಟರ್, ಮೂರೂ ಒಂದೇ ಡಬ್ಬಿಯಲ್ಲಿ. 20 ಮಿಲಿಸೆಕೆಂಡಿಗೊಮ್ಮೆ ಒಂದು ಪಲ್ಸ್ (ಕರೆಂಟಿನ ಪುಟ್ಟ ಮಿಡಿತ) ಕಳಿಸಬೇಕು. ಆ ಪಲ್ಸ್ 1500 ಮೈಕ್ರೊಸೆಕೆಂಡ್ ಇದ್ದರೆ ನಡುವಿಗೆ, ಕಡಿಮೆಯಾದರೆ ಒಂದು ಕಡೆ, ಹೆಚ್ಚಾದರೆ ಇನ್ನೊಂದು ಕಡೆ ತಿರುಗಿ ನಿಲ್ಲುತ್ತದೆ. ಕಂದು ತಂತಿ ನೆಗೆಟಿವ್, ಕೆಂಪು 5 ವೋಲ್ಟ್, ಕಿತ್ತಳೆ ಸಿಗ್ನಲ್. ಎಲ್ಲಿ ನಿಲ್ಲಬೇಕೆಂಬುದನ್ನು ಸಂಖ್ಯೆಯಲ್ಲಿ ತಿದ್ದಬಹುದು. ಬೇರೆ ಯಾವ ಮೋಟಾರಿಗೂ ಇಲ್ಲದ ಸುಖ ಇದು.

ಎಸ್‌ಜಿ90ಯ ಹಲ್ಲು ಪ್ಲಾಸ್ಟಿಕ್, ತೂಕ 9 ಗ್ರಾಂ. ಎಂಜಿ90ಎಸ್‌ನ ಹಲ್ಲು ಲೋಹ, ತೂಕ 13.4 ಗ್ರಾಂ. ಸ್ಕ್ರೂ ಕಿವಿಗಳ ಜಾಗ ಒಂದೇ, ಒಂದನ್ನು ಕಿತ್ತು ಇನ್ನೊಂದನ್ನು ಕೂರಿಸಬಹುದು. 4.8 ವೋಲ್ಟಿನಲ್ಲಿ ಎರಡರ ಬಲವೂ 1.8 ಕೆಜಿ-ಸೆಂಮೀ ಎಂದೇ ವಿವರಪಟ್ಟಿಯಲ್ಲಿರುತ್ತದೆ. ಎಸ್‌ಜಿ90 ನೂರು ರೂಪಾಯಿಯ ಆಸುಪಾಸಿನ ಮಾಲು, ಎಂಜಿ90ಎಸ್ ಅದರ ಎರಡು ಪಟ್ಟು. ದುಡ್ಡು ಹೆಚ್ಚು ಕೊಟ್ಟರೆ ಸಿಗುವುದೇನು? ಬಲವಂತೂ ಅಲ್ಲ.

ಸಿಗುವುದು ಎರಡು. ಹಳಿ ಒರೆಸುವಾಗ ಯಾರಾದರೂ ಟಂಗನ್ನು ಬೆರಳಿನಿಂದ ತಳ್ಳಿದರೆ, ಬಟ್ಟೆಯ ತುದಿ ಸಿಕ್ಕಿಕೊಂಡರೆ, ಪ್ಲಾಸ್ಟಿಕ್ ಹಲ್ಲು ಮುರಿಯುತ್ತದೆ, ಲೋಹದ್ದು ತಡೆಯುತ್ತದೆ. ಎರಡನೆಯದು, ಎಷ್ಟು ಸಣ್ಣ ಬದಲಾವಣೆಗೆ ಮೋಟಾರು ಅಲುಗುತ್ತದೆ ಎಂಬುದು. ವಿವರಪಟ್ಟಿಯ ಪ್ರಕಾರ ಎಸ್‌ಜಿ90 10 ಮೈಕ್ರೊಸೆಕೆಂಡಿಗಿಂತ ಸಣ್ಣ ವ್ಯತ್ಯಾಸವನ್ನು ಲೆಕ್ಕಿಸುವುದಿಲ್ಲ, ಎಂಜಿ90ಎಸ್ 5ಕ್ಕೇ ಅಲುಗುತ್ತದೆ. ಮೆಲ್ಲಗೆ ತಿರುಗಿಸುವಾಗ ಎಸ್‌ಜಿ90 ಕುಂಟುತ್ತಾ ಸಾಗುವುದು ಇದರಿಂದಲೇ.

ಲೋಹದ ಹಲ್ಲಿಗೆ ಒಂದು ಕೆಟ್ಟ ಗುಣವೂ ಉಂಟು. ಎಲ್ಲೋ ಸಿಕ್ಕಿಕೊಂಡಾಗ ತಾನು ಮುರಿಯದೆ ಪಾಯಿಂಟನ್ನೇ ಮುರಿಯುತ್ತದೆ. ನೂರು ರೂಪಾಯಿಯ ಸರ್ವೊ ಹೋದರೆ ಹೋಯಿತು, ಪಾಯಿಂಟು ಅದರ ಹತ್ತಾರು ಪಟ್ಟಿನದು. ಆದ್ದರಿಂದ ಕೈಗೆ ಎಟುಕುವ ಕಡೆ ಎಸ್‌ಜಿ90 ಹಾಕಿ, ಒಂದೆರಡು ಹೆಚ್ಚಿಗೆ ತಂದಿಡಿ. ಗುಡ್ಡದ ಕೆಳಗೆ, ಸುರಂಗದೊಳಗೆ, ಬಿಚ್ಚಲು ಅರ್ಧ ಲೇಔಟ್ ಕೀಳಬೇಕಾದ ಕಡೆ ಮಾತ್ರ ಎಂಜಿ90ಎಸ್. ಎಂಜಿ996ಆರ್ ಎಂಬ ದೊಡ್ಡಣ್ಣನನ್ನು ಮಾರುವವರು ತೋರಿಸಿದರೆ ಬೇಡವೆನ್ನಿ. 55 ಗ್ರಾಂ ತೂಗುವ ಅದು ಸಿಕ್ಕಿಕೊಂಡರೆ ಎರಡು ಆಂಪಿಗೂ ಹೆಚ್ಚು ಎಳೆಯುತ್ತದೆ, ರೋಬೋಟಿನ ತೋಳಿಗೆ ಸರಿ.

ತೋಳಿನ ಯಾವ ರಂಧ್ರ?

ಹೆಚ್ಚಿನವರು ತಪ್ಪುವುದು ಇಲ್ಲೇ. ಸರ್ವೊದ ಬಿಳಿ ತೋಳಿನಲ್ಲಿ ಸಾಲಾಗಿ ರಂಧ್ರಗಳಿರುತ್ತವೆ. ಹೊರತುದಿಯದಕ್ಕೆ ತಂತಿ ಹಾಕಿದರೆ ಸ್ವಲ್ಪ ತಿರುಗಿದರೂ ಬಹಳ ಸರಿಯುತ್ತದೆ, ಸುಲಭ ಎಂದು ತೋರುತ್ತದೆ. ಲೆಕ್ಕ ಬೇರೆ ಹೇಳುತ್ತದೆ.

ಪಾಯಿಂಟಿಗೆ 3 ಮಿಮೀ, ತಂತಿ ಬಾಗಿ ಒತ್ತಲು ಎರಡೂ ಕಡೆ ಸೇರಿ 2 ಮಿಮೀ, ಒಟ್ಟು 5 ಮಿಮೀ ಓಟ ಬೇಕೆನ್ನಿ. ತೋಳಿನ ನಡುವಿನಿಂದ 10 ಮಿಮೀ ದೂರದ ರಂಧ್ರವಾದರೆ ತಿರುಗಬೇಕಾದ್ದು ಸುಮಾರು 29 ಡಿಗ್ರಿ, ಪಲ್ಸಿನಲ್ಲಿ 300 ಮೈಕ್ರೊಸೆಕೆಂಡಿನಷ್ಟು. ಎಸ್‌ಜಿ90ಗೆ ಅಷ್ಟರಲ್ಲಿ ಸಿಗುವುದು ಮೂವತ್ತು ಹೆಜ್ಜೆ. 5 ಮಿಮೀ ದೂರದ ಒಳರಂಧ್ರವಾದರೆ ಅದೇ ಓಟಕ್ಕೆ 60 ಡಿಗ್ರಿ, 600ಕ್ಕೂ ಮೇಲೆ, ಅಂದರೆ ಅರವತ್ತು ಹೆಜ್ಜೆ. ಕುಂಟು ಅರ್ಧಕ್ಕಿಳಿಯುತ್ತದೆ, ನಿಲ್ಲುವ ಜಾಗದ ತಪ್ಪೂ ಅರ್ಧಕ್ಕಿಳಿಯುತ್ತದೆ. ತಂತಿಯನ್ನು ತೋಳಿಗೆ ನೆಟ್ಟಗೆ ನಿಲ್ಲಿಸಿ 40 ಮಿಮೀ ಮೇಲಿನ ಸ್ಟ್ರೆಚರ್ ಬಾರಿಗೆ ನೇರವಾಗಿ ಒಯ್ಯುವ ಸುಲಭದ ಜೋಡಣೆಯಲ್ಲಿ ಇಡೀ ಓಟ ಏಳೇ ಡಿಗ್ರಿ, ಏಳೆಂಟೇ ಹೆಜ್ಜೆ. ಒಂದು ಹೆಜ್ಜೆ ಆಚೀಚೆಯಾದರೆ ಟಂಗ್ ಬಾಯಿಬಿಟ್ಟುಕೊಂಡು ನಿಲ್ಲುತ್ತದೆ, ವ್ಯಾಗನ್ ಕೆಳಗಿಳಿಯುತ್ತದೆ.

ಒಳರಂಧ್ರಕ್ಕೆ ಒಂದು ಎಚ್ಚರಿಕೆ: ದೂರ ಕಡಿಮೆಯಾದಷ್ಟೂ ಒತ್ತಡ ಹೆಚ್ಚು. 5 ಮಿಮೀಗೆ ಸರ್ವೊದ ಪೂರ್ತಿ ಬಲ 3.6 ಕಿಲೊ ಭಾರಕ್ಕೆ ಸಮ. ಗಟ್ಟಿ ಕಡ್ಡಿಯಲ್ಲಿ ಅದನ್ನು ದಾಟಿಸಿದರೆ ಸ್ಟ್ರೆಚರ್ ಬಾರ್ ಉಳಿಯುವುದಿಲ್ಲ. ಎಚ್‌ಒಗೆ 0.8 ಮಿಮೀ, ಅದಕ್ಕಿಂತ ಸಣ್ಣದಾದ ಎನ್ ಅಳತೆಗೆ 0.5 ಮಿಮೀ ಸ್ಪ್ರಿಂಗ್ ಸ್ಟೀಲ್ ತಂತಿ ಸರಿ. ಮಾರುವವರು ಪಿಯಾನೊ ವಾಯರ್ ಎನ್ನುವುದು ಇದನ್ನೇ. ಕಬ್ಬಿಣದ ಅಂಗಡಿಯ ಬೈಂಡಿಂಗ್ ವಾಯರ್ ಬೇಡವೇ ಬೇಡ. ಅದು ಬಾಗಿದ್ದಲ್ಲೇ ಉಳಿಯುತ್ತದೆ, ಮರಳಿ ಪುಟಿಯದು.

ಜೋಡಣೆ ಹೀಗಿರಲಿ. 12 ಮಿಮೀ ಪ್ಲೈವುಡ್‌ನಲ್ಲಿ ಸ್ಟ್ರೆಚರ್ ಬಾರಿನ ನೇರ ಕೆಳಗೆ 8 ಮಿಮೀ ರಂಧ್ರ. ಅದರ ಕೆಳಬಾಯಿಗೆ 1 ಮಿಮೀ ತೂತಿರುವ ತಗಡಿನ ಅಥವಾ ಅಕ್ರಿಲಿಕ್ ತುಂಡು, ತಂತಿ ಆ ತೂತಿನಲ್ಲಿ ಹೊರಳಬೇಕು. ತಂತಿಯ ಮೇಲ್ತುದಿ ಸ್ಟ್ರೆಚರ್ ಬಾರಿನಲ್ಲಿ, ಕೆಳತುದಿ ಸರ್ವೊ ತೋಳಿನ ರಂಧ್ರದಲ್ಲಿ, ಹೊರಳುವ ತೂತು ಎರಡರ ಸರಿ ನಡುವೆ. ಆಗ ಮೇಲೂ ಕೆಳಗೂ ಓಟ ಒಂದೇ, ಮೇಲಿನ ಲೆಕ್ಕ ಹಾಗೇ ಹೊಂದುತ್ತದೆ.

ತೋಳು ಹಾಕುವ ಮುನ್ನ ಸರ್ವೊವನ್ನು ನಡುವಿಗೆ ತರಬೇಕು. ಗುಂಡಿ ತಿರುಗಿಸುವ ಸರ್ವೊ ಟೆಸ್ಟರ್ ಒಂದನ್ನು ಕೊಳ್ಳಿ, ನ್ಯೂಟ್ರಲ್ ಒತ್ತಿದರೆ 1500ಕ್ಕೆ ನಿಲ್ಲುತ್ತದೆ. ಆಮೇಲೆ ತೋಳು ಕೂರಿಸಿ. ಎರಡೂ ಟಂಗ್‌ಗಳ ಪಕ್ಕ ಸಮ ದಪ್ಪದ ರಟ್ಟಿನ ಚೂರು ಸಿಕ್ಕಿಸಿ ಪಾಯಿಂಟನ್ನೂ ನಡುವಿಗೆ ನಿಲ್ಲಿಸಿ. ಈ ಸ್ಥಿತಿಯಲ್ಲೇ ಸರ್ವೊವನ್ನು ಹಲಗೆಗೆ ಬಿಗಿಯಿರಿ. ಎಸ್‌ಜಿ90ಯ ತೋಳನ್ನು ಕೈಯಿಂದ ತಿರುಗಿಸಿ ಹೊಂದಿಸಬೇಡಿ, ಹಲ್ಲು ಸವೆಯುತ್ತದೆ. ಪೆಕೊ ಪಾಯಿಂಟಾದರೆ ಒಳಗಿನ ಸ್ಪ್ರಿಂಗನ್ನು ಮೊದಲೇ ತೆಗೆದುಬಿಡಿ. ಇದ್ದರೆ ಸರ್ವೊ ಎಷ್ಟೇ ಮೆಲ್ಲಗೆ ತಿರುಗಿದರೂ ಟಂಗ್ ನಡುವೆ ಟಪ್ಪೆಂದು ಹಾರುತ್ತದೆ.

ಬಿಸಿಲು ಮತ್ತು ಧೂಳು

ಬಳ್ಳಾರಿ, ರಾಯಚೂರುಗಳಲ್ಲಿ ಏಪ್ರಿಲ್-ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ತಗಡಿನ ಚಾವಣಿಯ ಮಾಳಿಗೆ ಕೋಣೆ ಅದಕ್ಕಿಂತ ಕಾಯುತ್ತದೆ. ಬೇರೆ ಊರಿನವರ ಸಲಹೆಗಳಲ್ಲಿ ಗ್ಲೂ ಗನ್ನಿನಿಂದ ಸರ್ವೊ ಅಂಟಿಸಿ ಎಂದಿರುತ್ತದೆ. ಇಲ್ಲಿ ಅದು ನಡೆಯುವುದಿಲ್ಲ. ಆ ಅಂಟು ಒಮ್ಮೆಲೇ ಕರಗಿ ಬೀಳುವುದಿಲ್ಲ. ಮೆತ್ತಗಾಗಿ, ಸರ್ವೊ ಒತ್ತಿದಷ್ಟೂ ದಿನಕ್ಕಿಷ್ಟು ಜಾರುತ್ತದೆ. ಸಂಖ್ಯೆ ತಿದ್ದಿ ಸರಿಮಾಡಿದ ಪಾಯಿಂಟು ವಾರ ಬಿಟ್ಟು ಮತ್ತೆ ಬಾಯಿ ಬಿಡುವುದು ಇದರಿಂದ. ಎರಡು ಮುಖದ ಫೋಮ್ ಟೇಪಿನ ಕಥೆಯೂ ಅಷ್ಟೆ. 25 ಮಿಮೀ ಅಲ್ಯೂಮಿನಿಯಂ ಎಲ್ ಆಂಗಲ್ ಒಂದು ಅಡಿ ತಂದು ತುಂಡು ಮಾಡಿ, ಸರ್ವೊದ ಕಿವಿಗಳನ್ನು 2 ಮಿಮೀ ಸ್ಕ್ರೂ-ನಟ್ಟಿನಿಂದ ಅದಕ್ಕೆ ಬಿಗಿದು, ಆಂಗಲನ್ನು ಮರದ ಸ್ಕ್ರೂವಿನಿಂದ ಹಲಗೆಗೆ ಕೂರಿಸಿ. ಆಂಗಲಿನ ತೂತನ್ನು ಉದ್ದಕ್ಕೆ ಅರದಿಂದ ಉಜ್ಜಿದರೆ ಒಂದೆರಡು ಮಿಲಿಮೀಟರ್ ಸರಿಸಲೂ ಬರುತ್ತದೆ.

ಬಿಸಿಲು ಹಳಿಯನ್ನೂ ಬಿಡುವುದಿಲ್ಲ. ನಿಕಲ್ ಸಿಲ್ವರ್ ಹಳಿ 2 ಮೀಟರ್ ಉದ್ದಕ್ಕೆ, ಚಳಿಗಾಲದ ಬೆಳಗಿಗೂ ಬೇಸಿಗೆಯ ಮಧ್ಯಾಹ್ನಕ್ಕೂ ನಡುವಿನ 25 ಡಿಗ್ರಿಗೆ ಸುಮಾರು 0.8 ಮಿಮೀ ಹಿಗ್ಗುತ್ತದೆ. ಡಿಸೆಂಬರಿನಲ್ಲಿ ಜೋಡುಗಳನ್ನು ಒತ್ತಿ ಕೂರಿಸಿದವರ ಪಾಯಿಂಟು ಮೇ ತಿಂಗಳಲ್ಲಿ ಬಿಗಿದು ನಿಂತರೆ ಸರ್ವೊವನ್ನು ಬೈಯುವಂತಿಲ್ಲ. ಜೋಡಿನಲ್ಲಿ ಅರ್ಧ ಮಿಲಿಮೀಟರ್ ಸಂದು ಬಿಡಿ.

ಸಂಡೂರು, ಹೊಸಪೇಟೆ ಕಡೆಯ ಕೆಂಧೂಳು ಟಂಗ್ ಜಾರುವ ಜಾಗದಲ್ಲಿ ಕೂರುತ್ತದೆ. ಎಣ್ಣೆ ಬಿಟ್ಟರೆ ಧೂಳು ಅಂಟಿ ಕೆಸರಾಗುತ್ತದೆ, ಅದಕ್ಕೆ ಗ್ರಾಫೈಟ್ ಪುಡಿ ಸರಿ. ಪೆನ್ಸಿಲ್ ಸೀಸ ಉಜ್ಜಿದರೂ ನಡೆಯುತ್ತದೆ. ಹಳಿಯ ಮೇಲೆ ಬೀಳದಂತೆ ನೋಡಿಕೊಳ್ಳಿ, ಕರೆಂಟ್ ಹರಿಯುವ ವಸ್ತು ಅದು.

ಪಲ್ಸ್ ಕೊಡುವವರು ಯಾರು?

555 ಎಂಬ ಟೈಮರ್ ಐಸಿಯ ಸರ್ಕ್ಯೂಟ್ ಒಂದೆರಡು ಸರ್ವೊಗೆ ಸಾಕು, ಪ್ರೋಗ್ರಾಂ ಬೇಡ. ಆದರೆ ಅದರ ಪಲ್ಸಿನ ಉದ್ದ ಕೆಪಾಸಿಟರನ್ನು ನಂಬಿದೆ, ಕೆಪಾಸಿಟರು ಬಿಸಿಗೆ ಬದಲಾಗುತ್ತದೆ. ಬೆಳಿಗ್ಗೆ ಸರಿಯಿದ್ದದ್ದು ಮಧ್ಯಾಹ್ನ ಸರಿಯಿರದು. ನಮ್ಮ ಕಡೆಗಲ್ಲ.

ಆರ್ಡುಯಿನೊ ನ್ಯಾನೊ (ಪ್ರೋಗ್ರಾಂ ತುಂಬಬಹುದಾದ ಪುಟ್ಟ ಬೋರ್ಡ್) ಒಂದೇ ಹನ್ನೆರಡು ಸರ್ವೊ ನಡೆಸಬಲ್ಲದು. ಅದೇ ಚಿಪ್ಪಿಗೆ ಬೇರೆ ಕೆಲಸವನ್ನೂ, ಮುಖ್ಯವಾಗಿ ಡಿಸಿಸಿ (ಹಳಿಯ ಮೂಲಕವೇ ಕಳಿಸುವ ಡಿಜಿಟಲ್ ಆಜ್ಞೆ) ಸಿಗ್ನಲ್ ಓದುವುದನ್ನು, ಹಚ್ಚಿದರೆ ಪಲ್ಸ್ ಅಲುಗಿ ಸರ್ವೊ ನಡುಗುತ್ತದೆ. ನಾಲ್ಕೈದು ಸರ್ವೊ ಮೀರಿದರೆ ಪಿಸಿಎ9685 ಬೋರ್ಡ್ ಸೇರಿಸುವುದು ಲೇಸು. ಹದಿನಾರು ಸರ್ವೊಗಳ ಪಲ್ಸನ್ನು ಅದೇ ಹುಟ್ಟಿಸುತ್ತದೆ, ನ್ಯಾನೊದಿಂದ ಎರಡು ಸಿಗ್ನಲ್ ತಂತಿ ಹೋದರೆ ಸಾಕು. 20 ಮಿಲಿಸೆಕೆಂಡನ್ನು 4096 ಭಾಗ ಮಾಡುವುದರಿಂದ ಒಂದು ಭಾಗ 4.88 ಮೈಕ್ರೊಸೆಕೆಂಡ್. ಪಲ್ಸ್ 1200 ಮೈಕ್ರೊಸೆಕೆಂಡ್ ಬೇಕಾದರೆ ಪ್ರೋಗ್ರಾಮಿನಲ್ಲಿ ಬರೆಯುವ ಸಂಖ್ಯೆ 246, 1500ಕ್ಕೆ 307, 1800ಕ್ಕೆ 369. ಬೋರ್ಡಿನಿಂದ ಬೋರ್ಡಿಗೆ ಇದರ ಗಡಿಯಾರ ತುಸು ಹೆಚ್ಚುಕಡಿಮೆ, ಆದ್ದರಿಂದ ಬೋರ್ಡ್ ಬದಲಿಸಿದರೆ ಸಂಖ್ಯೆಗಳನ್ನು ಮತ್ತೆ ತಿದ್ದಬೇಕು. ನ್ಯಾನೊಗೂ ಇದಕ್ಕೂ ನಡುವಿನ ತಂತಿ ಅರ್ಧ ಮೀಟರಿನೊಳಗಿರಲಿ. ಉದ್ದ ಬೇಕಾದರೆ ಸರ್ವೊ ಕಡೆಯ ತಂತಿಯನ್ನು ಎಳೆಯಿರಿ, ಒಂದೆರಡು ಮೀಟರ್ ತಡೆಯುತ್ತದೆ.

ಪ್ಯಾನೆಲ್ಲಿಗೆ ಒತ್ತುವ ಗುಂಡಿಗಿಂತ ಟಾಗಲ್ ಸ್ವಿಚ್ ಒಳ್ಳೆಯದು. ನಮ್ಮಲ್ಲಿ ಕರೆಂಟ್ ಹೋಗಿ ಇನ್ವರ್ಟರಿಗೆ ಬದಲಾಗುವ ಕ್ಷಣದಲ್ಲಿ ನ್ಯಾನೊ ಮರುಹುಟ್ಟು (ರೀಸೆಟ್) ಪಡೆಯಬಹುದು. ಗುಂಡಿಯಾದರೆ ಪಾಯಿಂಟು ಎಲ್ಲಿತ್ತೆಂಬುದು ಅದಕ್ಕೆ ಮರೆತುಹೋಗಿರುತ್ತದೆ. ಟಾಗಲ್ ಆದರೆ ಅದರ ಕಡ್ಡಿ ಯಾವ ಕಡೆಗಿದೆಯೋ ಅದನ್ನೇ ಓದಿ ಮೊದಲ ಪಲ್ಸನ್ನೇ ಸರಿಯಾಗಿ ಕಳಿಸಬಹುದು. ಪ್ರೋಗ್ರಾಂ ಬರೆಯುವಾಗ ಈ ಕ್ರಮ ತಪ್ಪಬಾರದು: ಮೊದಲು ಟಾಗಲ್ ಓದು, ಆಮೇಲೆ ಪಲ್ಸ್. ಹೀಗಿದ್ದೂ ಕರೆಂಟ್ ಬಂದೊಡನೆ ಕೆಲವು ಸರ್ವೊ ಬೆಚ್ಚುತ್ತವೆ. ಸರ್ವೊಗಳ 5 ವೋಲ್ಟನ್ನು ಒಂದು ರಿಲೇ ಮೂಲಕ ಹಾಯಿಸಿ, ಪಲ್ಸ್ ಶುರುವಾಗಿ ಒಂದು ಸೆಕೆಂಡಿನ ನಂತರ ರಿಲೇ ಹಾಕಿದರೆ ಅದೂ ಹೆಚ್ಚುಕಡಿಮೆ ನಿಲ್ಲುತ್ತದೆ.

ಪಾಯಿಂಟು ತಿರುಗಿ ಮುಗಿದ ಮೇಲೆ ಆ ಚಾನಲ್ಲಿನ (ಬೋರ್ಡಿನಲ್ಲಿ ಆ ಸರ್ವೊ ಸಿಕ್ಕಿಸಿದ ಜಾಗದ) ಪಲ್ಸ್ ನಿಲ್ಲಿಸಿ. ನಿಲ್ಲಿಸದಿದ್ದರೆ ಎಸ್‌ಜಿ90 ಗುಂಯ್‌ಗುಡುತ್ತಾ ಬಿಸಿಯಾಗುತ್ತದೆ. ಹಲ್ಲುಗಳ ಬಿಗಿಯೇ ಪಾಯಿಂಟನ್ನು ಹಿಡಿದಿರುತ್ತದೆ.

5 ವೋಲ್ಟ್ ಎಲ್ಲಿಂದ?

ನ್ಯಾನೊದ 5 ವೋಲ್ಟ್ ಕಾಲಿನಿಂದ ಸರ್ವೊಗೆ ಕರೆಂಟ್ ಕೊಡಬೇಡಿ. ಎಸ್‌ಜಿ90 ಹೊರಡುವಾಗ, ಸಿಕ್ಕಿಕೊಂಡಾಗ ಅರ್ಧ ಆಂಪಿನಿಂದ ಮುಕ್ಕಾಲು ಆಂಪಿನವರೆಗೆ ಎಳೆಯುತ್ತದೆ. ವೋಲ್ಟೇಜ್ ಕುಸಿದು ನ್ಯಾನೊ ಮರುಹುಟ್ಟು ಪಡೆಯುತ್ತದೆ, ಮತ್ತೆ ಎಲ್ಲ ಸರ್ವೊ ಅಲುಗುತ್ತವೆ, ಮತ್ತೆ ಕುಸಿಯುತ್ತದೆ. ತಾನಾಗಿ ಕುಣಿಯುವ ಪಾಯಿಂಟುಗಳ ಗುಟ್ಟು ಬಹಳ ಸಲ ಇಷ್ಟೇ. 5 ವೋಲ್ಟ್ 3 ಆಂಪ್ ಅಡಾಪ್ಟರಿನಿಂದ ನೇರವಾಗಿ ಪಿಸಿಎ9685ರ ಸ್ಕ್ರೂ ಟರ್ಮಿನಲ್ಲಿಗೆ 1 ಚದರ ಮಿಮೀ ತಂತಿ ಒಯ್ದು, ಅಲ್ಲೇ 1000 ಮೈಕ್ರೊಫ್ಯಾರಡ್ 16 ವೋಲ್ಟ್ ಕೆಪಾಸಿಟರ್ ಹಾಕಿ. ನ್ಯಾನೊದ ನೆಗೆಟಿವನ್ನೂ ಇದರ ನೆಗೆಟಿವಿಗೆ ಸೇರಿಸಿ. ಸೇರಿಸದಿದ್ದರೆ ಸರ್ವೊ ಸಿಗ್ನಲ್ಲನ್ನು ಅರ್ಥಮಾಡಿಕೊಳ್ಳದು. ಎಷ್ಟು ಟಾಗಲ್ ಒಟ್ಟಿಗೆ ಹಾಕಿದರೂ ಪ್ರೋಗ್ರಾಮಿನಲ್ಲಿ ಒಂದಾದ ಮೇಲೊಂದು ಸರ್ವೊ ಓಡುವಂತೆ ಮಾಡಿ.

ಕ್ರಾಸಿಂಗಿನ ಧ್ರುವ

ಕ್ರಾಸಿಂಗ್ ಪ್ಲಾಸ್ಟಿಕ್ಕಿನದಾದರೆ, ಪೆಕೊದವರ ಮಾತಿನಲ್ಲಿ ಇನ್ಸುಲ್‌ಫ್ರಾಗ್ ಆದರೆ, ಈ ಭಾಗ ನಿಮಗೆ ಬೇಡ. ಲೋಹದ ಎಲೆಕ್ಟ್ರೊಫ್ರಾಗ್ ಆದರೆ ಪಾಯಿಂಟಿನ ದಿಕ್ಕಿಗೆ ತಕ್ಕಂತೆ ಅದರ ಧ್ರುವ ಬದಲಾಗಬೇಕು. ಟಾರ್ಟಾಯ್ಸ್ ಮತ್ತು ಕೈ ಸ್ವಿಚ್ಚಿನಲ್ಲಿ ಇದು ಪುಕ್ಕಟೆ, ಸರ್ವೊದಲ್ಲಿ ನೀವೇ ಸೇರಿಸಬೇಕು.

ಸನ್ನೆ ಇರುವ ಮೈಕ್ರೊಸ್ವಿಚ್ಚನ್ನು ಸರ್ವೊ ತೋಳು ತಾಗುವಂತೆ ಕೂರಿಸುವುದು ಒಂದು ದಾರಿ, ರಿಲೇ ಇನ್ನೊಂದು. ಮೈಕ್ರೊಸ್ವಿಚ್ ಮೇಲು. ತೋಳು ನಿಜವಾಗಿ ತಿರುಗಿದರೆ ಮಾತ್ರ ಅದು ಬದಲಾಗುತ್ತದೆ, ರಿಲೇಗೆ ತೋಳು ತಿರುಗಿತೋ ಇಲ್ಲವೋ ಗೊತ್ತಿರುವುದಿಲ್ಲ. ಟಂಗ್ ಎರಡೂ ಸ್ಟಾಕ್ ರೈಲನ್ನು ಬಿಟ್ಟು ನಡುವಿನಲ್ಲಿರುವಾಗ ಟಿಕ್ ಎನ್ನುವಂತೆ ಹೊಂದಿಸಿ. ಟಂಗ್ ಇನ್ನೂ ಸ್ಟಾಕ್ ರೈಲಿಗೆ ತಾಗಿರುವಾಗಲೇ ಬದಲಾದರೆ ನೇರ ಶಾರ್ಟ್, ಡಿಸಿಸಿಯಾದರೆ ಇಡೀ ಲೇಔಟ್ ನಿಲ್ಲುತ್ತದೆ. ಈ ರಗಳೆಯೇ ಬೇಡವೆಂದರೆ ಹಳಿ ಹಾಕುವ ಮುನ್ನ ಪಾಯಿಂಟಿನ ಅಡಿಯಲ್ಲಿ ಟಂಗನ್ನು ಕ್ರಾಸಿಂಗಿಗೆ ಸೇರಿಸುವ ತಂತಿ ಕತ್ತರಿಸಿ, ಪ್ರತಿ ಟಂಗನ್ನು ಅದರ ಪಕ್ಕದ ಸ್ಟಾಕ್ ರೈಲಿಗೆ ಬೆಸೆಯಿರಿ. ಆಗ ಸ್ವಿಚ್ಚಿನ ಹೊತ್ತು ತುಸು ತಪ್ಪಿದರೂ ನಡೆಯುತ್ತದೆ.

ಆರು ಪಾಯಿಂಟಿನ ಯಾರ್ಡಿಗೆ ಏನೇನು

ಎಸ್‌ಜಿ90 ಎಂಟು, ಅದರಲ್ಲಿ ಎರಡು ಬದಲಿಗೆ. ಆರ್ಡುಯಿನೊ ನ್ಯಾನೊ ಒಂದು, ಪಿಸಿಎ9685 ಒಂದು, ಸರ್ವೊ ಟೆಸ್ಟರ್ ಒಂದು. 5 ವೋಲ್ಟ್ 3 ಆಂಪ್ ಅಡಾಪ್ಟರ್, 1000 ಮೈಕ್ರೊಫ್ಯಾರಡ್ ಕೆಪಾಸಿಟರ್, 5 ವೋಲ್ಟ್ ರಿಲೇ ಒಂದೊಂದು. ಟಾಗಲ್ ಸ್ವಿಚ್ ಆರು, ಸನ್ನೆಯ ಮೈಕ್ರೊಸ್ವಿಚ್ ಆರು. 0.8 ಮಿಮೀ ಸ್ಪ್ರಿಂಗ್ ತಂತಿ 1 ಮೀಟರ್, ಎಲ್ ಆಂಗಲ್ ಒಂದು ಅಡಿ, 2 ಮಿಮೀ ಸ್ಕ್ರೂ-ನಟ್ ಹನ್ನೆರಡು ಜೊತೆ. ಟಾಗಲ್‌ಗಳನ್ನು ನ್ಯಾನೊದ ಡಿ2ರಿಂದ ಡಿ7ರವರೆಗಿನ ಕಾಲುಗಳಿಗೂ, ಪಿಸಿಎ9685ನ್ನು ಎ4, ಎ5ಕ್ಕೂ, ರಿಲೇಯನ್ನು ಡಿ8ಕ್ಕೂ ಕೊಟ್ಟರೆ ಲೆಕ್ಕ ಮುಗಿಯಿತು. ಎದುರುಬದುರು ಎರಡು ಪಾಯಿಂಟಿನ ಕ್ರಾಸ್‌ಓವರಿಗೆ ಒಂದೇ ಟಾಗಲ್ ಸಾಕು, ಆದರೆ ಚಾನಲ್ ಎರಡು ಬೇಕು. ವೈ ತಂತಿಯಲ್ಲಿ ಎರಡೂ ಸರ್ವೊವನ್ನು ಒಂದೇ ಚಾನಲ್ಲಿಗೆ ಕಟ್ಟಿದರೆ ಒಂದನ್ನು ತಿದ್ದಿದಾಗ ಇನ್ನೊಂದು ಕೆಡುತ್ತದೆ.

ಇವು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ರಾಯಚೂರಿನವರಿಗೆ ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿ ಹತ್ತಿರ. ಆನ್‌ಲೈನಿನಲ್ಲಿ ತರಿಸುವುದಾದರೆ ಹೆಸರಿನ ಪಕ್ಕ 360 ಡಿಗ್ರಿ ಎಂದಿರುವುದನ್ನು ಬಿಟ್ಟು 180 ಡಿಗ್ರಿಯದನ್ನೇ ಆರಿಸಿ. 360ರದ್ದು ನೋಡಲು ತದ್ರೂಪು, ಆದರೆ ಅದು ಚಕ್ರ ಓಡಿಸುವ ಮಾಲು, ಎಲ್ಲೂ ನಿಲ್ಲದೆ ಸುತ್ತುತ್ತಲೇ ಇರುತ್ತದೆ. ಬಂದ ದಿನವೇ ಎಲ್ಲವನ್ನೂ ಟೆಸ್ಟರಿಗೆ ಹಾಕಿ ಗುಂಡಿ ಮೆಲ್ಲಗೆ ತಿರುಗಿಸಿ ನೋಡಿ. ನಿಲ್ಲದೆ ಸುತ್ತಿದರೆ, ನಡುವೆ ಒಂದೆಡೆ ನಡುಗಿದರೆ, ನ್ಯೂಟ್ರಲ್ಲಿಗೆ ಎರಡು ಕಡೆಯಿಂದ ತಂದಾಗ ಬೇರೆ ಬೇರೆ ಜಾಗದಲ್ಲಿ ನಿಂತರೆ, ಹಲಗೆಗೆ ಬಿಗಿಯುವ ಮೊದಲೇ ಮರಳಿಸಿ.